ನನ್ನ ಹೊಟ್ಟೆಯ ಮೇಲೆ ಟರ್ಬೊ ಪರೀಕ್ಷೆ

ನಮ್ಮ ಮಾಮಾನಷ್ಟು ಹೊಸ ಕಾರು ಓಡಿಸಿದವರು ಗದಗ-ಬೆಟಗೇರಿಯಲ್ಲಿ ಇನ್ನೊಬ್ಬರಿಲ್ಲ. ಅವುಗಳಲ್ಲಿ ಒಂದೂ ಅವರದಲ್ಲ! ಎರಡು ವರ್ಷ ಅವರು ಮಾಡಿದ್ದು ಬರೀ ಟೆಸ್ಟ್ ಡ್ರೈವು. ಮೊದಮೊದಲು ಚಹಾ ತರಿಸುತ್ತಿದ್ದ ಶೋರೂಮಿನವರು ಆಮೇಲಾಮೇಲೆ ಅವರನ್ನು ಕಂಡರೆ ಕೀಲಿ ಬಚ್ಚಿಡತೊಡಗಿದರು.

ಕಾರಣವೇನೂ ಸಣ್ಣದಲ್ಲ. ಅತ್ತೆಗೆ ಗಾಡಿ ಹತ್ತಿದರೆ ವಾಂತಿ. ಲಕ್ಷ್ಮೇಶ್ವರದಲ್ಲಿರುವ ಅವರ ಅಕ್ಕನಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರರು. ಹೀಗಾಗಿ ಅಕ್ಕತಂಗಿಯರು ಮುಖ ನೋಡಿ ಆರು ವರ್ಷವಾಗಿತ್ತು. ಜಗಳವೂ ಫೋನಿನಲ್ಲೇ, ರಾಜಿಯೂ ಫೋನಿನಲ್ಲೇ. (ನನ್ನ ದಿನಚರಿಯಲ್ಲಿ ನಾಲ್ಕು ವರ್ಷ ಎಂದಿದೆ. ಆದರೆ ದಿನ ಎಣಿಸಿದವರು ಅತ್ತೆ. ಅವರ ಲೆಕ್ಕವನ್ನೇ ನಂಬುತ್ತೇನೆ.)

ಅತ್ತೆಯ ಹೊಟ್ಟೆ ಅಲುಗದಂಥ ಕಾರು ಹುಡುಕುವುದೇ ಮಾಮಾನ ಪಣ. ಪ್ರತಿ ಸಲ ಅವರನ್ನೇ ಕೂರಿಸಿ ನೋಡಲಾದೀತೇ? ಬದಲಿಗೆ ಅಂಥದ್ದೇ ಇನ್ನೊಂದು ಹೊಟ್ಟೆ ಸಿಕ್ಕಿತು: ನನ್ನದು! ನಾನು ಎಂ.ಎ. ಮಾಡಿದ್ದು ಇದಕ್ಕೇ ಇರಬೇಕು. ಮೊದಲು ಗಿರ್ಮಿಟ್ಟು, ನಾಲ್ಕು ಮಿರ್ಚಿ ತಿನ್ನಿಸುವುದು. ಹಿಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ಏರಿಸುವುದು. ಓದಲು ಕೈಗೊಂದು ಪೇಪರು ಕೊಡುವುದು. ಆಮೇಲೆ ಹೊರಡುವುದು!

ಮೊದಲನೆಯದು ಸಣ್ಣ ಟರ್ಬೊ.

"ಸಾವಿರ ಸಿಸಿ ಅಂತ ಹಗರ ತಿಳೀಬ್ಯಾಡ್ರಿ ಕಾಕಾರ. ಟರ್ಬೊ ಐತ್ರಿ, ಹಿಂದಿಂದ ಒದ್ದಂಗ ಹೊಕ್ಕೈತಿ!" ಎಂದ ಶೋರೂಮಿನವ.

"ಒದಿಸ್ಕೊಳ್ಳಾಕ ನಾ ಯಾಕ ರೊಕ್ಕ ಕೊಡ್ಲಿ?"

ಮಾಮಾ ಪೆಡಲ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ, ಗಾಡಿ ವಿಚಾರ ಮಾಡುತ್ತಿದ್ದಂತಿತ್ತು. ಮರುಕ್ಷಣ ಹಾರಿತು. ಗಾಡಿ ಮುಂದಕ್ಕೆ ಹೋಯಿತು, ಮಿರ್ಚಿ ಮೇಲಕ್ಕೆ ಬಂತು! ಮಾಮಾ ಚೀಟಿಯಲ್ಲಿ ಬರೆದುಕೊಂಡರು: 'ಟರ್ಬೊ, ಒಂಬತ್ತು ಕಿಲೋಮೀಟರ್.' ಅದು ಮೈಲೇಜಲ್ಲ, ನಾನು ತಡೆದುಕೊಂಡ ದೂರ.

ಇನ್ನೊಂದು ಟರ್ಬೊ ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು. ನಲವತ್ತು ವರ್ಷ ಮಗ್ಗದಲ್ಲಿ ನೇಯ್ದ ಮಾಮಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಲಾಳಿ ತಪ್ಪೇತಿ" ಎಂದು ತೀರ್ಪು ಕೊಟ್ಟು ಹೊರಬಂದರು.

ಆಮೇಲೆ ಬಂದದ್ದು ಟರ್ಬೊ ಇಲ್ಲದ್ದು, ಸಾವಿರದಿನ್ನೂರು ಸಿಸಿ, ನಾಲ್ಕು ಸಿಲಿಂಡರು. ಮುಂಡರಗಿ ರಸ್ತೆಯ ಏರಿನಲ್ಲಿ ಎ.ಸಿ. ಹಾಕಿದ್ದೇ ತಡ, ಏದುಸಿರು ಬಿಟ್ಟಿತು. ಹೊಟ್ಟು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು.

"ಮಾಮಾ, ಟ್ರ್ಯಾಕ್ಟರ್ ಮುಂದ ಹೋತ್ರಿ!"

"ಹೋಗ್ಲಿ ಬಿಡಲೇ, ಅದಕ್ಕೇನ್ ಗಡಿಬಿಡಿ ಐತೋ! ನಿನ್ನ ಹೊಟ್ಟಿ ಹೆಂಗೈತಿ ಹೇಳು."

ಹೊಟ್ಟೆ ತಣ್ಣಗಿತ್ತು. ಆದರೂ ಮಾಮಾ ಮುಂಡರಗಿಯ ಮೆಕ್ಯಾನಿಕ್ಕನನ್ನು ಕೇಳದೆ ಬಿಡಲಿಲ್ಲ.

"ಟರ್ಬೊ ಕೆಟ್ಟದ್ದಲ್ರಿ," ಎಂದನವನು. "ಟೈಮಿಗೆ ಸರಿಯಾಗಿ ಆಯಿಲ್ ಬದಲಸ್ಬೇಕು, ದೂರ ಓಡಿ ಬಂದ್ರ ಒಂದೀಟು ಆರಾಕ ಬಿಡ್ಬೇಕು. ಟರ್ಬೊ ಇಲ್ಲದ ಇದರಾಗ ಕೆಡೂ ಸಾಮಾನು ಒಂದು ಕಡಿಮಿ, ಅಷ್ಟ."

ಇಷ್ಟಾದರೂ ಮತ್ತೆ ಎರಡು ತಿಂಗಳ ಯೋಚನೆ! ಅತ್ತೆ ರೇಗಿದರು: "ನನ್ನ ನೋಡಾಕ ಬಂದಾಗ ಅರ್ಧ ತಾಸಿನ್ಯಾಗ ಒಪ್ಪಿದ್ರಿ. ಗಾಡಿಗೆ ಎರಡು ವರ್ಷ!"

"ಆವಾಗ ನನಗೇನ್ ತಿಳೀತಿತ್ತು?"

ಆ ರಾತ್ರಿ ಮಾಮಾನಿಗೆ ಊಟ ಸಿಕ್ಕಿತೋ ಇಲ್ಲವೋ ನೆನಪಿಲ್ಲ. ಮರುದಿನವೇ ಟರ್ಬೊ ಇಲ್ಲದ ಕಾರು ಬುಕ್ಕಾದದ್ದು ಮಾತ್ರ ಖರೆ.

ಹೊರಟ ದಿನ ಅತ್ತೆ ಮುಂದೆ ಕೂತರು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮಾಮಾ ಪೆಡಲ್ಲನ್ನು ಮುಟ್ಟಿದರೋ ಬೇಡಿಕೊಂಡರೋ! ಸೊರಟೂರು ದಾಟಿತು. ಶಿರಹಟ್ಟಿ ಬರುವಷ್ಟರಲ್ಲಿ ಅತ್ತೆಯ ತಲೆ ಪಕ್ಕಕ್ಕೆ ವಾಲಿತು. ಹಿಂದೆ ಕೂತಿದ್ದ ನಾನು ಗಾಬರಿಯಿಂದ ಬಗ್ಗಿ ನೋಡಿದೆ. ಗೊರಕೆ!

ಲಕ್ಷ್ಮೇಶ್ವರದಲ್ಲಿ ಅಕ್ಕ ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದರು. ಅವರು ಬಾಯಿ ತೆರೆಯುವುದರೊಳಗೆ ಮಾಮಾ ಇಳಿದು ಹೋಗಿ ಪಿಸುಗುಟ್ಟಿದರು: "ಅಕ್ಕಾರ, ನಿದ್ದಿ ಹತ್ತೇತ್ರಿ. ಗಾಡ್ಯಾಗ ನಿದ್ದಿ ಮಾಡಿದ್ದು ಇದ ಮೊದಲು."

ಅಕ್ಕ ಮಾಮಾನ ಹೆಗಲು ಹಿಡಿದು, ನೋಯುವ ಕಾಲನ್ನು ಮೆಲ್ಲಗೆ ಎತ್ತಿಟ್ಟು, ಡ್ರೈವರ್ ಸೀಟಿನಲ್ಲೇ ಕೂತು ತಂಗಿಯ ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಮಾಮಾ ಆಚೆ ಕಿಟಕಿಗೆ ಹೋಗಿ, ಅತ್ತೆಯ ಮುಖಕ್ಕೆ ಬಿಸಿಲು ಬೀಳದಂತೆ ಟವೆಲ್ ಅಗಲಿಸಿ ಹಿಡಿದು ನಿಂತರು. ಎಷ್ಟು ಹೊತ್ತು? ದಿನಚರಿಯಲ್ಲಿ ಬರೆದಿಲ್ಲ.

ಅತ್ತೆ ಕಣ್ಣು ಬಿಟ್ಟರು. ಸ್ಟೇರಿಂಗಿನ ಹಿಂದೆ ಅಕ್ಕ!

"ಅಕ್ಕಾ! ನೀ ಯಾವಾಗ ಗಾಡಿ ಹೊಡ್ಯಾಕ ಕಲ್ತಿ?"

"ನೀ ಬರವಲ್ಲಿ," ಎಂದರು ಅಕ್ಕ, ಕೈ ಬಿಡದೆ. "ಕಡಿಕ ನಾನ ನಿನ್ನ ಕರ್ಕೊಂಡ್ ಹೋಗಾಕ ಬಂದೆ."