ಬೂಟಿಲ್ಲದ ಕ್ಯಾಂಪು

ನಾನು ಯಾವ ದೇಶದ ಸೈನ್ಯಕ್ಕೂ ಸೇರಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಲಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಬೇರೆ ಥರ ಹೇಳಿದರೆ ಅದು ನಮ್ಮಮ್ಮ ಹಬ್ಬಿಸಿದ್ದು. ಅವಳ ತಪ್ಪೂ ಇಲ್ಲ ಅನ್ನಿ. ನಮ್ಮ ಕಡೆ ಕ್ಯಾಂಪು ಎಂದರೆ ಎರಡೇ: ಒಂದು ಕಣ್ಣಿನ ಕ್ಯಾಂಪು, ಇನ್ನೊಂದು ಮಿಲಿಟರಿ ಕ್ಯಾಂಪು. ಬೆಳಗಾದರೆ ಕೆರೆಯ ಕಡೆಯಿಂದ ಬರುವ ಬೂಟಿನ ಸದ್ದು ಕೇಳುತ್ತಲೇ ಹಾಲು ಕಾಯಿಸಿದವಳು ಅವಳು. ಅಂಥವಳಿಗೆ ಫೋನಿನಲ್ಲಿ "ಬೂಟ್‌ಕ್ಯಾಂಪ್ ಸೇರಿದೆ" ಎಂದರೆ ಕಂಪ್ಯೂಟರು ಎಲ್ಲಿಂದ ನೆನಪಾಗಬೇಕು?

ಆಗ ನಾನು ಮಸ್ಕತ್‌ನಲ್ಲಿ ಎಸಿ ಮೆಕ್ಯಾನಿಕ್. ಎಸೆಸೆಲ್ಸಿ ಇಂಗ್ಲಿಷಿನಲ್ಲಿ ಡುಮ್ಕಿ, ಆಮೇಲೆ ಶಿವಾಜಿನಗರದ ಗ್ಯಾರೇಜು, ಅಲ್ಲಿಂದ ಮಸ್ಕತ್ತು. ನನ್ನ ವಿದ್ಯಾಭ್ಯಾಸ ಇಷ್ಟೇ. ಅಲ್ಲಿನ ಬಿಸಿಲಿನಲ್ಲಿ ಟೆರೇಸಿನ ಮೇಲೆ ಸ್ಪ್ಯಾನರ್ ಹಿಡಿದರೆ ಅಂಗೈ ದೋಸೆ ಹೆಂಚಾಗುತ್ತದೆ. ಊರವರ ಮನೆ ತಣ್ಣಗೆ ಮಾಡಿ ನಾನು ಬೇಯುವುದು ಸಾಕಾಗಿ ಹೋಯಿತು. ರಜೆಯ ದಿನ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಬೂಟ್‌ಕ್ಯಾಂಪ್ ಇದೆ, ಡಿಗ್ರಿ ಕೇಳುವುದಿಲ್ಲ ಎಂದು ರೂಮಿನವನೊಬ್ಬ ಹೇಳಿದ. ಸೇರಿಕೊಂಡೆ. ಅಮ್ಮನಿಗೆ ಫೋನು ಮಾಡಿದೆ.

"ಬೂಟು ಅವ್ರೇ ಕೊಡ್ತಾರೇನೋ?" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕೆ.

"ಕಷ್ಟ ಇರುತ್ತಾ?"

"ತುಂಬಾ ಕಷ್ಟಮ್ಮ. ಅರ್ಧಕ್ಕರ್ಧ ಜನ ಬಿಟ್ಟು ಓಡೋಗ್ತಾರಂತೆ."

"ನೀನು ಮಾತ್ರ ಓಡ್ಬರ್ಬೇಡ ರಾಜು. ನಮ್ಮ ಮನೆ ಮರ್ಯಾದೆ ಏನಾಗ್ಬೇಕು?"

ಮುಂದಿನ ವಾರ ಏನು ಕಲಿಸಿದರು ಎಂದು ಕೇಳಿದಳು. ಕಮಾಂಡ್ ಕೊಡುವುದು ಎಂದೆ. "ಇಷ್ಟ್ ಬೇಗ ನಿನ್ ಕೈಲಿ ಕಮಾಂಡ್ ಕೊಡಿಸ್ತಾರಾ!" ಎಂದು ಅತ್ತೇಬಿಟ್ಟಳು. ನನ್ನ ಪ್ರೋಗ್ರಾಮಿಗೆ ತಾಯಿ ಕಣ್ಣೀರು ಹಾಕಿದಳಲ್ಲ ಎಂದು ನಾನು ಆ ರಾತ್ರಿ ಇನ್ನೊಂದು ಗಂಟೆ ಹೆಚ್ಚು ಕೂತು ಕಲಿತೆ.

ಕ್ಲಾಸಿನಲ್ಲಿ ನನ್ನ ಅವಸ್ಥೆ ಬೇರೆ. ಒಂದು ಪ್ರೋಗ್ರಾಂ ಏನು ಮಾಡಿದರೂ ಓಡಲಿಲ್ಲ. ವಾರವೆಲ್ಲ ಕೂತು ತಿಣುಕಿದೆ. ಲ್ಯಾಪ್‌ಟಾಪು ಕೆಟ್ಟಿದೆ ಎಂದು ಬಿಚ್ಚಲೂ ಹೊರಟಿದ್ದೆ. ಬೆರಳುಗಳಿಗೆ ಹಳೇ ಚಾಳಿ. ಕೊನೆಗೆ ನೋಡಿದರೆ 'ಲೆಂಗ್ತ್' ಎಂಬ ಪದದಲ್ಲಿ ಟಿ ಮತ್ತು ಎಚ್ ಜಾಗ ಬದಲಾಯಿಸಿಕೊಂಡು ಕೂತಿದ್ದವು. ಸ್ಕೂಲಿನಲ್ಲಿ ನನ್ನನ್ನು ಬೀಳಿಸಿದ ಅದೇ ಇಂಗ್ಲಿಷು ಮಸ್ಕತ್‌ವರೆಗೆ ಹುಡುಕಿಕೊಂಡು ಬಂದಿತ್ತು. ಈ ಸಲ ನಾನು ಬಿಡಲಿಲ್ಲ. ತಿದ್ದಿದೆ, ಓಡಿತು. ಡಿಗ್ರಿ ಮುಗಿಸಿದ ಎಷ್ಟೋ ಜನ ನಡುವೆ ಬಿಟ್ಟುಹೋದರು, ನಾನು ಕೊನೆತನಕ ಕೂತೆ. ಬೆಂಗಳೂರಿನ ಮಹದೇವಪುರದಲ್ಲಿ ಒಂದು ಸಣ್ಣ ಕಂಪನಿ ಕೆಲಸವನ್ನೂ ಕೊಟ್ಟಿತು. ಕೊಚ್ಚಿಕೊಳ್ಳುತ್ತಿದ್ದೇನೆ ಎನ್ನಿಸಿದರೆ ಅನ್ನಿಸಲಿ. ಕೊಚ್ಚಿಕೊಳ್ಳುವುದಕ್ಕೆ ನನ್ನ ಹತ್ತಿರ ಇರುವುದು ಇದೊಂದೇ.

ಊರಿಗೆ ಬಂದು ಆಟೋ ಇಳಿದರೆ ಟೀ ಅಂಗಡಿಯ ಬಶೀರ್ ಭಾಯ್ ಎದ್ದು ನಿಂತು ಸೆಲ್ಯೂಟ್ ಹೊಡೆದರು. "ಸಲಾಂ ಸಾಬ್! ರೈಫಲ್ ಅಲ್ಲೇ ಬಿಟ್ಟು ಬಂದ್ರಾ?" ಪಕ್ಕದ ಮನೆ ಸೆಲ್ವಿ ಅಕ್ಕ ನನ್ನ ಹೊಟ್ಟೆಯನ್ನೇ ನೋಡಿ, "ಅಯ್ಯೋ, ಮಿಲಿಟರೀಲಿ ಊಟ ಚೆನ್ನಾಗ್ ಹಾಕ್ತಾರೆ ಪಾ" ಎಂದರು. ಒಳಗೆ ಹೋಗಿ ಅಮ್ಮನನ್ನು ಕೂರಿಸಿ, ಅದು ಕಂಪ್ಯೂಟರ್ ಕ್ಲಾಸು ಎಂದು ಬಿಡಿಸಿ ಹೇಳಿದೆ. ಅವಳು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದಳು.

"ಈಗ್ ಬಾಯಿ ಬಿಡ್ಬೇಡ. ಭಾನುವಾರ ಕೆ.ಆರ್. ಪುರಕ್ಕೆ ಹೆಣ್ಣು ನೋಡಕ್ಕೆ ಹೋಗ್ಬೇಕು. ಹುಡ್ಗಿ ಅಪ್ಪ ರಿಟೈರ್ಡ್ ಸುಬೇದಾರ್. ತಾಳಿ ಕಟ್ಟೋವರ್ಗೂ ನೀನು ಮಿಲಿಟರೀನೇ."

ಹುಡುಗಿ ಶೋಭಾಳ ಫೋಟೋ ತೋರಿಸಿದಳು. ನೋಡಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಈ ಸಂಬಂಧ ತಪ್ಪಬಾರದು ಎನ್ನಿಸಿತು. ಆದರೆ ಆ ಟಿ-ಎಚ್ ಜೊತೆ ಗುದ್ದಾಡಿದವನು ನಾನು. ಅದರ ಹೆಮ್ಮೆಯನ್ನು ಇಲ್ಲದ ಸೈನ್ಯಕ್ಕೆ ಯಾಕೆ ಬಿಟ್ಟುಕೊಡಲಿ?

ಭಾನುವಾರ ಹೋದೆವು. ಸುಬೇದಾರರ ಮೀಸೆಯೇ ಅಟೆನ್ಷನ್ನಿನಲ್ಲಿ ನಿಂತಿತ್ತು. ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಬಂದದ್ದೇ ತಡ, "ಯಾವ ರೆಜಿಮೆಂಟು?" ಎಂದು ಕೇಳಿದರು. ಅಮ್ಮ ನನ್ನ ಕಾಲು ತುಳಿದಳು.

"ಯಾವ್ದೂ ಇಲ್ಲ ಸರ್. ನಾನು ಮಿಲಿಟರಿ ಅಲ್ಲ. ಬೂಟ್‌ಕ್ಯಾಂಪ್ ಅಂದ್ರೆ ಕಂಪ್ಯೂಟರ್ ಕೋರ್ಸು. ಅಲ್ಲಿಗೆ ಹವಾಯಿ ಚಪ್ಪಲೀಲಿ ಹೋಗ್ತಿದ್ದೆ. ಮೊದ್ಲು ಎಸಿ ರಿಪೇರಿ ಮಾಡ್ತಿದ್ದೆ, ಈಗ ಪ್ರೋಗ್ರಾಂ ಬರೀತೀನಿ. ಎಸೆಸೆಲ್ಸಿ ಫೇಲು."

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಸುಬೇದಾರರು ಹೆಂಡತಿಯ ಮುಖ ನೋಡಿದರು. ಆಕೆ ಬಾಗಿಲಲ್ಲೇ ನಿಂತು, "ಫೇಲಾದ್ರೆ ಆಗ್ಲಿ ಬಿಡಪ್ಪ, ಮನೇಲಿರ್ತೀಯಲ್ಲ!" ಎಂದರು. "ಇವ್ರು ಗಡಿ ಕಾಯ್ತಿದ್ರು, ನಾನು ಇವ್ರನ್ನ ಕಾಯ್ತಿದ್ದೆ. ಮಿಲಿಟರಿ ಹುಡ್ಗ ಬೇಡ್ವೇ ಬೇಡ ಅಂತ ಶೋಭಾನೂ ಹಟ ಹಿಡಿದಿದ್ಲು. ನಿಮ್ಮಮ್ಮ ಫೋನ್ ಮೇಲೆ ಫೋನ್ ಮಾಡಿದ್ರು, ಮರ್ಯಾದೆಗೆ ಉಪ್ಪಿಟ್ಟು ಕೊಟ್ಟು ಕಳಿಸ್ಬಿಡೋಣ ಅಂತಿದ್ವಿ."

ಒಳಗಿನಿಂದ ಶೋಭಾ ನಗುವುದು ಕೇಳಿಸಿತು. ಆಮೇಲೆ ಕಾಫಿ ತಂದು ಕೊಡುತ್ತಾ ಕೇಳಿದಳು: "ಹವಾಯಿ ಚಪ್ಪಲೀನೇನ್ರೀ? ನಿಜವಾಗ್ಲೂ?"

"ನೀಲಿ ಪಟ್ಟೀದು," ಎಂದೆ. ಅವಳು ಮತ್ತೆ ನಕ್ಕಳು. ಕಾಫಿಯ ಹಿಂದೆ ಕೇಸರಿಬಾತೂ ಬಂತು. ಉಪ್ಪಿಟ್ಟು ಕೊಟ್ಟು ಕಳಿಸುವವರು ಕೇಸರಿಬಾತು ಕೊಡುವುದಿಲ್ಲ ಎಂದು ಅಮ್ಮ ದಾರಿಯುದ್ದಕ್ಕೂ ಹೇಳಿದಳು, ನಿಜ ಹೇಳಲು ಕಳಿಸಿದವಳೇ ತಾನು ಎಂಬಂತೆ.

ಮದುವೆಯಾಯಿತು. ಈಗ ನಾನು ದಿನವೆಲ್ಲ ಕೂತು ಪ್ರೋಗ್ರಾಂ ಬರೆಯುತ್ತೇನೆ; ಬಶೀರ್ ಭಾಯ್ ಇನ್ನೂ ಸೆಲ್ಯೂಟ್ ಹೊಡೆಯುತ್ತಾರೆ, ನಾನು ಬೇಡ ಅನ್ನುವುದಿಲ್ಲ. ತೊಂದರೆ ಇರುವುದು ಮಾವನವರದು. ಕೂತೂ ಕೂತೂ ಅಳಿಯನ ಹೊಟ್ಟೆ ಮುಂದಕ್ಕೆ ಬರುತ್ತಿದೆ ಎಂದು ಅವರು ಶಿವಾಜಿನಗರದಿಂದ ಒಂದು ಜೊತೆ ಕರೀ ಬೂಟು ತಂದುಕೊಟ್ಟಿದ್ದಾರೆ. ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಕೆ.ಆರ್. ಪುರದಿಂದ ಸ್ಕೂಟರಿನಲ್ಲಿ ಬಂದು ಹಾರ್ನ್ ಹೊಡೆಯುತ್ತಾರೆ. ಕೆರೆ ಸುತ್ತ ಲೆಫ್ಟ್ ರೈಟ್. ಕಮಾಂಡು ಅವರದು, ಏದುಸಿರು ನನ್ನದು. ಓಡಿಹೋಗುವ ಹಾಗೂ ಇಲ್ಲ, ಮನೆ ಮರ್ಯಾದೆ.

ನಾನು ಮೆಟ್ಟಿಲ ಮೇಲೆ ಕೂತು ಲೇಸು ಕಟ್ಟುವಾಗ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಸೆಲ್ವಿ ಅಕ್ಕನಿಗೆ ಹೇಳುತ್ತಾಳೆ: "ಬೂಟ್‌ಕ್ಯಾಂಪ್ ಅಂದ್ರೆ ಬೂಟು ಇರುತ್ತೆ ಅಂತ ನಾನ್ ಹೇಳಿದ್ದಕ್ಕೆ ಎಲ್ರೂ ನಕ್ರಲ್ಲ. ಈಗ್ ನೋಡಿ!"