ಹೊಳೆಗೆ ಅಡ್ಡ ನಿಂತ ಪರದೆಯವರಿಗೆ

ಹೊಳೆದಂಡೆಯ ಮನರಂಜನಾ ತಾಣದಲ್ಲಿ ನಾಲ್ಕಂತಸ್ತಿನೆತ್ತರಕ್ಕೆ ವಿರಾಜಮಾನರಾಗಿರುವ ಎಲ್‌ಇಡಿ ಮಹಾಪರದೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಅಪಾರ ಬೆಳಕಿನೆದುರು ಕಣ್ಣು ಕಿರಿದು ಮಾಡಿಕೊಂಡೇ ಕೈಮುಗಿಯುತ್ತೇನೆ. ತಮ್ಮ ಮೈಮೇಲಿನ ಅಷ್ಟೂ ದೀಪಗಳು ಕ್ಷೇಮವೆಂದು ನಂಬುತ್ತೇನೆ. ಈ ಪತ್ರವನ್ನು ತಾಣದ ವ್ಯವಸ್ಥಾಪಕರಿಗೇ ಬರೆಯಬಹುದಿತ್ತು. ಆದರೆ ಅಲ್ಲಿ ಒಂದು ಸಂಜೆ ಕಳೆದ ಮೇಲೆ, ಯಜಮಾನಿಕೆ ಯಾರದೆಂಬ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಮೊದಲು ಮೆಚ್ಚುಗೆ. ಹೊಳೆ ನೋಡಲು ಬಂದವರಿಗೆ ಹೊಳೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಒದಗಿಸಿರುವ ತಮ್ಮ ಬಳಗದ ಔದಾರ್ಯ ದೊಡ್ಡದು: ಕುಣಿಯುವ ಕಾರಂಜಿ, ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸಬಾರದೆಂದು ಪೈಪೋಟಿಗೆ ಬಿದ್ದು ಅರಚುವ ಸ್ಪೀಕರುಗಳು, ಕೂತವರು ಬೇಗ ಏಳಲೆಂದೇ ಇಳಿಜಾರಾಗಿ ಮಾಡಿಸಿದ ಬೆಂಚುಗಳು. ಇವೆಲ್ಲದರ ನಡುವೆ, ನಿಜವಾದ ಹೊಳೆಗೆ ಬೆನ್ನು ಹಾಕಿ ನಿಂತು, ಎದೆಯ ಮೇಲೆ ಇನ್ಯಾವುದೋ ನದಿಯ ನೀಲಿ ನೀರನ್ನು ಹರಿಸುತ್ತಿರುವವರು ತಾವು. ನಮ್ಮ ಹೊಳೆ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ, ಅದಕ್ಕೇ ಈ ಏರ್ಪಾಡು ಎಂದು ಅಲ್ಲಿನ ಕಾವಲುಗಾರರು ತಿಳಿಹೇಳಿದರು. ಹೆತ್ತ ತಾಯಿ ನೋಡಲು ಲಕ್ಷಣವಾಗಿಲ್ಲವೆಂದು ಫೋಟೊಕ್ಕೆ ಪಕ್ಕದ ಮನೆಯಾಕೆಯನ್ನು ಕೂರಿಸಿದ ಹಾಗಾಯಿತು.

ಇನ್ನು ನನ್ನ ಅಹವಾಲು. ನನ್ನ ಅಕ್ಕ ಈ ಹೊಳೆಯಲ್ಲೇ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು. ಮಕ್ಕಳನ್ನು ಇಳಿಸುವ ಮೊದಲು ದಂಡೆಯಲ್ಲಿ ನಿಂತು ನೀರನ್ನು ಸುಮ್ಮನೆ ನೋಡುತ್ತಿದ್ದಳು. ಅವಳು ಹೂಂ ಅನ್ನುವವರೆಗೆ ಯಾರೂ ಕಾಲಿಡುವಂತಿರಲಿಲ್ಲ. ಈಗ ಅವಳ ಕಣ್ಣು ಮಂಜಾಗಿದೆ. ಬೆಳಕು, ಬಣ್ಣ, ಅಲುಗಾಟ ಇಷ್ಟೇ ತಿಳಿಯುತ್ತದೆ. ಮುಂದಿನ ವಾರ ಆಪರೇಷನ್. ಇರುವಷ್ಟೂ ಹೋದರೂ ಹೋಗಬಹುದು ಎಂದು ಕಣ್ಣಿನ ಡಾಕ್ಟರು ಮೊದಲೇ ಕೈತೊಳೆದುಕೊಂಡಿದ್ದಾರೆ. ಅದಕ್ಕೇ ಅಕ್ಕ, ‘ಅಷ್ಟರೊಳಗೆ ಒಂದ್ಸಲ ಹೊಳೆ ನೋಡ್ಬೇಕು ಕಣೇ, ಕರ್ಕೊಂಡು ಹೋಗು’ ಎಂದಳು.

ಕರೆದುಕೊಂಡು ಬಂದೆ. ದಂಡೆಯುದ್ದಕ್ಕೂ ಬೇಲಿ. ಅಕ್ಕನನ್ನು ತಮ್ಮೆದುರು ನಿಲ್ಲಿಸಿ, ದಾರಿ ಹುಡುಕುತ್ತಾ ತಮ್ಮ ಬೆನ್ನ ಹಿಂದೆ ಹೋಗಿ ಇಣುಕಿದರೆ, ಹೋಟೆಲುಗಳ ಪಾತ್ರೆ ತೊಳೆದ ನೀರು ಬೀಳುವಲ್ಲಿ ನಮ್ಮ ಹೊಳೆ ಕಂದು ಬಣ್ಣಕ್ಕೆ ತಿರುಗಿ ತೆಪ್ಪಗೆ ಹರಿಯುತ್ತಿತ್ತು. ಇದು ಸಿಬ್ಬಂದಿಗೆ ಮಾತ್ರ ಎಂದು ಕಾವಲುಗಾರರು ನನ್ನನ್ನು ವಾಪಸು ಅಟ್ಟಿದರು. ಬಂದು ನೋಡುತ್ತೇನೆ, ಅಕ್ಕ ಸೊಂಟದ ಮೇಲೆ ಕೈಯಿಟ್ಟು ತಮ್ಮನ್ನೇ ದಿಟ್ಟಿಸುತ್ತಿದ್ದಾಳೆ. ತಮ್ಮ ಕಾಲಬುಡದಲ್ಲಿ ಮಕ್ಕಳು ಕುಣಿಯುತ್ತಿದ್ದರು. ‘ಸೆಳೆತ ಜಾಸ್ತಿ ಇದೆ, ಇವತ್ತು ಯಾರನ್ನೂ ಇಳಿಸ್ಬಾರ್ದು. ಆ ಮಕ್ಕಳನ್ನ ಹಿಂದಕ್ಕೆ ಕರಿ’ ಎಂದಳು. ಅಷ್ಟರಲ್ಲಿ ತಮ್ಮ ಮೇಲೆ ಕೆಂಪು ಸೋಫಾದ ಜಾಹೀರಾತು ಜಾರಿ ಬಂತು. ‘ಮೇಲ್ಗಡೆ ನೆರೆ ಬಂದಿರ್ಬೇಕು, ಯಾರ್ದೋ ಮನೆ ಸಾಮಾನು ತೇಲ್ಕೊಂಡು ಬರ್ತಿದೆ’ ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಪಕ್ಕದಲ್ಲಿದ್ದ ಐಸ್‌ಕ್ರೀಮ್ ಗಾಡಿಯವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ‘ಹೌದಕ್ಕಾ’ ಎಂದು ಹೇಳಿ, ಮಕ್ಕಳನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಕಳಿಸಿದೆ. ಹೊಳೆ ಮೊದಲಿಗಿಂತ ತಿಳಿಯಾಗಿದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಅಕ್ಕ ಸಂತೋಷವಾಗಿ ಮನೆಗೆ ಬಂದಳು.

ಇಷ್ಟು ಸಲೀಸಾಗಿ ಕಣ್ಣಿಗೆ ಮಣ್ಣೆರಚುವ ತಮ್ಮ ಪ್ರತಿಭೆಯನ್ನು ಕೊಂಡಾಡುತ್ತಲೇ ಬೇಡಿಕೊಳ್ಳುವುದೇನೆಂದರೆ, ಆಪರೇಷನ್ನಿಗೆ ಮುಂಚೆ ಒಂದು ಸಂಜೆ ತಾವು ದೊಡ್ಡ ಮನಸ್ಸು ಮಾಡಿ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಬೇಕು. ತಮ್ಮಂಥ ಘನವಂತರಿಗೆ ಸರಿಯುವ ಅಭ್ಯಾಸವಿಲ್ಲದಿದ್ದರೆ, ಅಕ್ಕ ಬಂದು ಹೋಗುವಷ್ಟು ಹೊತ್ತು ಗಾಜಿನಂತೆ ಪಾರದರ್ಶಕರಾಗಬೇಕು. ಅದೂ ಆಗದಿದ್ದರೆ ದಯವಿಟ್ಟು ಒದ್ದೆಯಾದರೂ ಆಗಿ. ಅಕ್ಕ ಮುಂದಿನ ಸಲ ಕಾಲು ಅದ್ದಬೇಕೆಂದಿದ್ದಾಳೆ.

ತಮ್ಮ ವಿಶ್ವಾಸಿ,
ತಮ್ಮ ಪರವಾಗಿ ಸುಳ್ಳು ಹೇಳಿದ ತಂಗಿ

ಮ. ಸೂ.: ಅಕ್ಕನಿಗೆ ಕಣ್ಣು ಬಂದರೆ ಅವಳೇ ಬಂದು ತಮ್ಮೆದುರು ನಿಲ್ಲುತ್ತಾಳೆ, ಅವಳ ಬೈಗುಳದ ಮುಂದೆ ನನ್ನದು ಏನೇನೂ ಅಲ್ಲ. ಬರದೇ ಹೋದರೆ ತಾವು ಗೆದ್ದಿರಿ: ಅವಳು ಕೊನೆಯದಾಗಿ ಕಂಡ ಹೊಳೆ ತಾವೇ ಆಗಿರುತ್ತೀರಿ. ಅದನ್ನು ನಾನಂತೂ ಅವಳಿಗೆ ಹೇಳುವುದಿಲ್ಲ. ತಾವೂ ಬಾಯಿ ಬಿಡಬೇಡಿ.