ರಂಗಪ್ಪನ ಮುಡಿಪಿಗೆ ಸಿಕ್ಕಿದ ಹನುಮಂತನ ಕಾಸು

ಕಳೆದ ಯುಗಾದಿಯ ದಿನ, ಬೇವು-ಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ನಾನು ಘೋಷಣೆ ಹೊರಡಿಸಿದೆ: "ಮುಂದಿನ ಯುಗಾದಿಯೊಳಗೆ ತುಮಕೂರಿನಲ್ಲಿ ಯಾರಾದರೂ ಪುರಾತನ ನಾಣ್ಯ ಅಂದರೆ ಜನ ನಮ್ಮ ಮನೆ ಕಡೆ ಕೈ ತೋರಿಸಬೇಕು!"

"ತೋರಿಸ್ತಾರೆ ಬಿಡಿ. ಮೊದಲು ಗ್ಯಾಸ್ ಬುಕ್ ಮಾಡಿ," ಎಂದಳು ಹೆಂಡತಿ ಅಕ್ಷತಾ.

ಮಹತ್ಕಾರ್ಯಗಳೆಲ್ಲ ಹೀಗೇ ಶುರುವಾಗುತ್ತವೆ ಎಂದು ಸಮಾಧಾನ ಮಾಡಿಕೊಂಡು ಗ್ಯಾಸ್ ಬುಕ್ ಮಾಡಿದೆ.

ನಮ್ಮ ವಂಶದಲ್ಲಿ ಡಿಗ್ರಿ ಎಂಬ ಪದಾರ್ಥವನ್ನು ಮೊದಲು ಕಂಡವನು ನಾನು. ಚೇಳೂರು ಕಡೆಯ ರಾಗಿ ಹೊಲದಿಂದ ಎದ್ದು ಬಂದು, ಈಗ ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತೇನೆ. ಹಿಡಿದ ಸಾಲನ್ನು ಬದುವಿನ ತನಕ ಉತ್ತು ಮುಗಿಸಬೇಕು ಎಂಬುದು ನಮಗೆ ಹೊಲದಿಂದಲೇ ಅಂಟಿದ ಕಾಯಿಲೆ. ಹಾಗಾಗಿ ವಾರವೆಲ್ಲ ಪಾಠ, ಉತ್ತರಪತ್ರಿಕೆ, ಚುನಾವಣೆ ಡ್ಯೂಟಿ ಎಂದು ಸವೆದು, ಭಾನುವಾರ ಬಂದರೆ ಬಸ್ ಹತ್ತಿ ನಾಣ್ಯ ಬೇಟೆಗೆ ಹೊರಡುತ್ತಿದ್ದೆ.

ಕುಣಿಗಲ್‌ನ ಹಳೇ ಪಾತ್ರೆ ಅಂಗಡಿಯಲ್ಲಿ ಮೈಸೂರು ಅರಸರ ಕಾಲದ, ಆನೆ ಚಿತ್ರದ ಎರಡು ಕಾಸು ಸಿಕ್ಕವು. ಜೊತೆಯಲ್ಲಿ ತೂತು ಹಂಡೆಯನ್ನೂ ಕೊಂಡರೆ ಮಾತ್ರ ಕೊಡುತ್ತೇನೆ ಎಂದ ಅಂಗಡಿಯವನು. ತೂತು ಹಂಡೆ ಈಗಲೂ ನಮ್ಮ ಟೆರೇಸಿನ ಮೇಲೆ ತುಳಸಿಯನ್ನು ಸಾಕುತ್ತಿದೆ. ಗುಬ್ಬಿಯ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಸಾತವಾಹನರ ಸೀಸದ ನಾಣ್ಯ ಕೊಟ್ಟರು. ಅದಕ್ಕೆ ನಾನು ತೆತ್ತ ಬೆಲೆ, ಅವರ ಮೊಣಕಾಲು ನೋವಿನ ಪೂರ್ಣ ಚರಿತ್ರೆ! ಸಾತವಾಹನರ ಚರಿತ್ರೆಯೂ ಅಷ್ಟು ಉದ್ದವಿಲ್ಲ. ಬೆಂಗಳೂರಿನ ವ್ಯಾಪಾರಿಯೊಬ್ಬನಿಂದ ಸೂರ್ಯ, ಬೆಟ್ಟದ ಗುರುತು ಒತ್ತಿದ್ದ ಬೆಳ್ಳಿ ನಾಣ್ಯ ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಅಕ್ಷತಾಳ ಹುಲಿಯೂರುದುರ್ಗದ ಚಿಕ್ಕಪ್ಪನ ಎಲೆಅಡಿಕೆ ಚೀಲದಲ್ಲಿ ವಿಜಯನಗರ ಕಾಲದ ತಾಮ್ರದ ಕಾಸು ಸಿಕ್ಕಿತು. ಒಂದು ಮುಖದಲ್ಲಿ ಬಾಲ ಎತ್ತಿಕೊಂಡು ಹೊರಟ ಹನುಮಂತ! ಮೈಮೇಲೆ ಶತಮಾನಗಳ ಕಪ್ಪು. ಅದು ನನ್ನ ಪಾಲಿಗೆ ವರ್ಷದ ಮಾಣಿಕ್ಯ.

ತುಮಕೂರು ನಾಣ್ಯಪ್ರಿಯರ ಬಳಗದ ಅಧ್ಯಕ್ಷರಾದ ಸದಾಶಿವಯ್ಯನವರು ಅದನ್ನು ನೋಡಿ ಕೈ ಮುಗಿದೇಬಿಟ್ಟರು. ಭಾನುವಾರ ಬಳಗದ ಸಭೆಯಲ್ಲಿ 'ವರ್ಷದ ನನ್ನ ಮೆಚ್ಚಿನ ನಾಣ್ಯಗಳು' ಎಂಬ ನನ್ನ ಪ್ರದರ್ಶನ ಏರ್ಪಾಡಾಯಿತು. ಆಹ್ವಾನಪತ್ರಿಕೆಯಲ್ಲಿ ನನ್ನ ಫೋಟೋ ಅಂಚೆಚೀಟಿಯಷ್ಟು, ಹನುಮಂತನದು ಅಂಗೈಯಗಲ.

"ಪರವಾಗಿಲ್ಲ, ನಿಮಗಿಂತ ಅವನೇ ಚೆನ್ನಾಗಿ ಬಂದಿದಾನೆ," ಎಂದಳು ಅಕ್ಷತಾ.

ಶುಕ್ರವಾರ ಬೆಳಿಗ್ಗೆ ಒರೆಸಿ ಇಡೋಣವೆಂದು ಡಬ್ಬಿ ತೆರೆದೆ. ಆನೆಗಳಿದ್ದವು, ಸೀಸವಿತ್ತು, ಬೆಳ್ಳಿಯಿತ್ತು. ಹನುಮಂತನನ್ನು ಕೂರಿಸಿದ್ದ ಗುಂಡಿ ಮಾತ್ರ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು!

ಮಂಚದ ಕೆಳಗೆ ತೂರಿದೆ, ಬೀರು ಸರಿಸಿದೆ, ಸೊಂಟ ಹಿಡಿಯಿತು. ಕೊನೆಗೆ ಅಮ್ಮನನ್ನು ಕೇಳಿದೆ. ರಂಗಲಕ್ಷ್ಮಮ್ಮ ಎಂಬ ನಮ್ಮಮ್ಮ ಸೊಪ್ಪು ಸೋಸುತ್ತಾ ತಲೆಯನ್ನೂ ಎತ್ತಲಿಲ್ಲ.

"ಹನುಮಪ್ಪನ ಕಾಸಾ? ಮುಡಿಪು ಕಟ್ಟಿವ್ನಿ ಕಣಪ್ಪ."

"ಏನು!"

"ನಿಂಗೆ ಡೆಂಗಿ ಜರ ಬಂದಿತ್ತಲ್ಲ, ಅವಾಗ, ನನ್ ಮಗ ಎದ್ದು ಓಡಾಡಂಗೆ ಆದ್ರೆ ತಾಮ್ರದ ಕಾಸು ತಂದು ಒಪ್ಪುಸ್ತೀನಿ ಅಂತ ಗುಡ್ಡದ ರಂಗಪ್ಪಂಗೆ ಹರಸ್ಕಂಡಿದ್ದೆ. ಈಗಿನ ಕಾಸು ಎಲ್ಲಾ ಸ್ಟೀಲು. ನೀನೇ ಹೇಳಿದ್ದೆ ತಾನೆ, ಇದು ಅಪ್ಪಟ ತಾಮ್ರ ಅಂತ?"

ಹೌದು, ನಾನೇ ಹೇಳಿದ್ದೆ. ಇತಿಹಾಸದ ಮೇಷ್ಟ್ರಿಗೆ ವಿವರಣೆ ಕೊಡದಿದ್ದರೆ ಊಟ ಸೇರುವುದಿಲ್ಲವಲ್ಲ!

ದೇವರ ಕೋಣೆಗೆ ನುಗ್ಗಿದೆ. ಮೊಳೆಗೆ ಅರಿಶಿನದ ಬಟ್ಟೆಯ ಪುಟ್ಟ ಗಂಟು ನೇತಾಡುತ್ತಿತ್ತು. ಕೈ ಚಾಚಿದೆನೋ ಇಲ್ಲವೋ, ಹಿಂದಿನಿಂದ ಕೂಗು ಬಿತ್ತು.

"ಮುಟ್ಟೀಯ ಲೇ! ಮುಡಿಪು ಮನೇಲಿ ಬಿಚ್ಚೋದು ಉಂಟೇನ್ಲಾ? ದೇವ್ರ ಮುಂದೇನೇ ಬಿಚ್ಬೇಕು!"

"ಅಮ್ಮಾ, ನನ್ನ ಜ್ವರ ವಾಸಿಯಾಗಿದ್ದು ಆಸ್ಪತ್ರೆಯಲ್ಲಿ."

"ಆಸ್ಪತ್ರೆಗೆ ಹೋಗೋ ಬುದ್ಧಿ ಕೊಟ್ಟೋನು ಯಾರು?"

ನಾನು ಹೆಂಡತಿಯ ಕಡೆ ನೋಡಿದೆ. "ಪಪ್ಪಾಯಿ ಎಲೆ ರಸ ಅರೆದು ಕುಡಿಸಿದ್ದು ನಾನು. ಹರಕೆ ಹೊತ್ತದ್ದು ಅತ್ತೆ. ನೀವು ಯಾರಿಂದ ಉಳ್ಕೊಂಡ್ರಿ ಅನ್ನೋದು ಮನೇಲಿ ಇನ್ನೂ ತೀರ್ಮಾನ ಆಗಿಲ್ಲ," ಎಂದಳು ಆಕೆ.

ನಮ್ಮೂರ ಗುಡ್ಡದ ರಂಗಪ್ಪನ ಪೂಜಾರಿ ಲಕ್ಷ್ಮೀನರಸಿಂಹಯ್ಯನವರಿಗೆ ಫೋನ್ ಮಾಡಿದೆ. ಅವರು ದಾರಿ ತೋರಿಸಿದರು. "ಅದುಕ್ಯಾಕೆ ಯೋಚ್ನೆ ಸ್ವಾಮಿ? ಬದಲಿಗೆ ಇನ್ನೊಂದು ಹಳೇ ಕಾಸು ತನ್ನಿ. ಹೂವು ಕೇಳುಸಾಣ. ರಂಗಪ್ಪ ಬಲಗಡೆ ಹೂವು ಕೊಟ್ರೆ ನಿಮ್ಮ ಕಾಸು ನಿಮಗೆ. ಎಡಗಡೆ ಕೊಟ್ರೆ ಇಲ್ಲ."

ಇಷ್ಟು ಸುಲಭವೇ! ಶನಿವಾರ ರಜೆ ಹಾಕಿ ಅಮ್ಮ, ಹೆಂಡತಿ, ಮುಡಿಪು, ನಾಣ್ಯದ ಡಬ್ಬಿ ಸಮೇತ ಹೊರಟೆ. ಗುಬ್ಬಿಯವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ಚೇಳೂರಿಗೆ ಯಾರದೋ ತೆಂಗಿನಕಾಯಿ ಮೂಟೆಯ ಮೇಲೆ ಅರ್ಧ ಕೂತು, ಕೊನೆಗೆ ಗುಡ್ಡದ ಮೆಟ್ಟಿಲು ಹತ್ತಿ ನಿಂತಾಗ ನನ್ನ ಮಂಡಿಗಳು ಗುಬ್ಬಿಯ ಪೋಸ್ಟ್‌ಮಾಸ್ಟರ ಭಾಷೆಯಲ್ಲಿ ಮಾತಾಡುತ್ತಿದ್ದವು.

ಪೂಜಾರಿ ರಂಗಪ್ಪನ ಎರಡು ಭುಜದ ಮೇಲೂ ಒದ್ದೆ ಹೂವು ಇಟ್ಟರು. ನಾನು ಡಬ್ಬಿಯಿಂದ ಎರಡು ಆನೆ ಕಾಸುಗಳಲ್ಲಿ ಸವೆದದ್ದನ್ನು ಆರಿಸಿ ತಟ್ಟೆಗೆ ಹಾಕಿ ಕೈ ಮುಗಿದೆ. ಕಾದೆವು. ಬೆವರು ಇಳಿಯಿತು. ನೊಣವೊಂದು ಬಂದು ನನ್ನ ಮೂಗಿನ ಮೇಲೆ ವಿಶ್ರಾಂತಿ ಪಡೆದು ಹೋಯಿತು. ಹೂವು ಅಲುಗಿತು. ಬಿತ್ತು.

ಎಡಗಡೆ!

"ಸವೆದಿರೋದು ಹಾಕ್ದೆ, ಅವ್ನಿಗೆ ಗೊತ್ತಾಗಲ್ವೇನ್ಲಾ?" ಎಂದರು ಅಮ್ಮ.

ಸರಿ ಎಂದು ತಟ್ಟೆಗೆ ಕೈ ಹಾಕಿದೆ. ಪೂಜಾರಿ ತಡೆದರು. "ತಟ್ಟೆಗೆ ಬಿದ್ದದ್ದು ಹಿಂದಕ್ಕೆ ತಗಳಂಗಿಲ್ಲ ಸ್ವಾಮಿ. ಬೇಕಾದ್ರೆ ಅದ್ರ ಮೇಲೆ ಇನ್ನೊಂದು ಸೇರಿಸ್ರಿ."

ಚೆನ್ನಾಗಿದ್ದ ಆನೆಯನ್ನೂ ಇಳಿಸಿದೆ. ಹೊಸ ಹೂವು. ಕಾದೆವು. ನಾನು ಮೆಲ್ಲಗೆ ತುಟಿ ಮುಂದೆ ಮಾಡಿದೆ.

"ಊದಬೇಡಿ!" ಎಂದು ಅಕ್ಷತಾ ತಿವಿದಳು.

ಎಡಗಡೆ!

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆಹ್ವಾನಪತ್ರಿಕೆಯ ಅಂಗೈಯಗಲದ ಹನುಮಂತ ಕಣ್ಣ ಮುಂದೆ ಬಾಲ ಆಡಿಸುತ್ತಿದ್ದ. ನಾಳೆ ಅವನಿಲ್ಲದೆ ಯಾವ ಮುಖ ಹೊತ್ತು ಸಭೆಗೆ ಹೋಗಲಿ? ಸಾತವಾಹನರನ್ನು ಶರಣಾಗಿಸಿದೆ. ಹೂವು ಎಡಕ್ಕೆ ವಾಲಿ, ನನ್ನ ಆಸೆಯನ್ನು ಕೆಣಕುವಂತೆ ಒಂದು ಗಳಿಗೆ ನಿಂತು, ಕೊನೆಗೆ ಎಡಕ್ಕೇ ಉದುರಿತು.

"ಇನ್ನೇನೈತೆ ಡಬ್ಬೀಲಿ?" ಅಮ್ಮ ಇಣುಕಿದರು.

"ಬೆಳ್ಳಿದು."

"ಬೆಳ್ಳಿ ಇಟ್ಕಂಡು ಇಷ್ಟೊತ್ತು ಸೀಸ ಹಾಕ್ತಾ ಇದ್ಯಾ? ಯಾವ ದೇವ್ರಾದ್ರೂ ಒಪ್ತಾನಾ?"

ಬೆಳ್ಳಿಯೂ ಹೋಯಿತು. ಚೌಕಾಸಿ ಎಂದರೆ ನಾಲ್ಕು ಕಾಸಿಗಾಗಿ ಆಡುವ ವಾದ ಎಂದುಕೊಂಡಿದ್ದೆ. ನಾಲ್ಕು ಕಾಸೂ ಕಳೆದುಕೊಳ್ಳುವ ವಾದ ಎಂದು ಅಂದು ಅರ್ಥವಾಯಿತು! ತಟ್ಟೆಯಲ್ಲಿ ಬೆಳ್ಳಿ ಠಣ್ಣೆಂದ ಕೂಡಲೇ, ಸದ್ದಿಗೇ ಎನ್ನುವಂತೆ, ಬಲಭುಜದ ಹೂವು ದೊಪ್ಪನೆ ಬಿತ್ತು.

"ಕೊಟ್ಟ! ರಂಗಪ್ಪ ಕೊಟ್ಟ!" ಅಮ್ಮ ಕೆನ್ನೆ ಬಡಿದುಕೊಂಡರು. ನನಗೂ ಕಣ್ಣು ತುಂಬಿತು. ಭಕ್ತಿಯೋ ಸುಸ್ತೋ ಹೇಳಲಾರೆ.

ಪೂಜಾರಿ ತಟ್ಟೆಯನ್ನು ಹುಂಡಿಗೆ ಬಗ್ಗಿಸಿದರು. ನನ್ನ ಒಂದು ವರ್ಷದ ಭಾನುವಾರಗಳು ಗಲಗಲನೆ ಒಳಗಿಳಿದವು. ನಂತರ ಅರಿಶಿನದ ಗಂಟು ಬಿಚ್ಚಿ ಕಾಸನ್ನು ನನ್ನ ಅಂಗೈಗೆ ಹಾಕಿದರು.

ಕಾಸು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಎರಡೂ ಕಡೆ ಬೋಳು. ಒಂದರಲ್ಲಿ ನನ್ನದೇ ಮುಖ ಮಸುಕಾಗಿ ಕಾಣುತ್ತಿತ್ತು, ಅಷ್ಟೇ.

"ಅಮ್ಮ... ಇದರಲ್ಲಿದ್ದ ಹನುಮಪ್ಪ ಎಲ್ಲಿ?"

"ಏಟು ಕಿಲುಬು ಹಿಡ್ದಿತ್ತು ಅಂತೀಯ! ಹಂಗೇ ಕೊಟ್ರೆ ದೇವ್ರು ಏನಂದ್ಕಂತಾನೆ? ಹುಣಿಸೆಹಣ್ಣು ಹಾಕಿ ತಿಕ್ದೆ, ಬೂದಿ ಹಾಕಿ ತಿಕ್ದೆ, ಬಡ್ಡೀದು ಕರಿ ಹೋಗ್ಲೇ ಇಲ್ಲ. ಆಮ್ಯಾಕೆ ಬಟ್ಟೆ ಒಗೆಯೋ ಕಲ್ಲಿಗೆ ಹಾಕಿ ಉಜ್ದೆ ನೋಡು, ಎಂಗೆ ಪಳ ಪಳ ಅಂತು! ಮೂರು ದಿನ ಕೈ ನೋವು ಕಣಪ್ಪ ನಂಗೆ."

ನಾನು ಹೂವಿನ ರಾಶಿಯ ಪಕ್ಕ ಕುಸಿದು ಕೂತೆ. ಅಮ್ಮ ಸೆರಗಿನಿಂದ ನನ್ನ ಹಣೆ ಒರೆಸಿ, "ಬುಡು, ಕಾಸು ಬತ್ತದೆ ಹೋಯ್ತದೆ. ನೀನು ಉಳ್ಕಂಡ್ಯಲ್ಲ," ಎಂದರು. 

"ಸಮುದ್ರಾನೇ ಹಾರಿದೋನು," ಎಂದಳು ಅಕ್ಷತಾ ಪ್ರಸಾದ ತಿನ್ನುತ್ತಾ, "ಕಾಸಿಂದ ಹಾರೋದು ಯಾವ ಮಹಾ?"

ಭಾನುವಾರ ಸಭೆಗೆ ಹೋಗದಿರಲು ಹೊಟ್ಟೆನೋವು ಅಭ್ಯಾಸ ಮಾಡಿದೆ. ಅಮ್ಮ ಹೊಸ ಮುಡಿಪಿಗೆ ಅರಿಶಿನದ ಬಟ್ಟೆ ಹುಡುಕತೊಡಗಿದ್ದು ಕಂಡು ತಕ್ಷಣ ವಾಸಿಯಾಯಿತು. ಮೂವರೂ ಹೋದೆವು. ಉದ್ದನೆಯ ಮೇಜಿನ ಮೇಲೆ, ಕೆಂಪು ಮಖಮಲ್ಲಿನ ನಟ್ಟನಡುವೆ, ನನ್ನ ಒಂದೇ ಒಂದು ಕಾಸು ಒಂಟಿಯಾಗಿ ಪ್ರಜ್ವಲಿಸಿತು. ಜನ ಸಾಲಾಗಿ ಬಂದು ಬಗ್ಗಿ ನೋಡಿ, ತಲೆಕೂದಲು ಸರಿಪಡಿಸಿಕೊಂಡು ಮುಂದೆ ಹೋದರು.

ಸದಾಶಿವಯ್ಯನವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. ಪಾಪ, ದೊಡ್ಡ ಮನುಷ್ಯರು. ಗೊತ್ತಾಗಲಿಲ್ಲ ಎಂದು ಹೇಳಲು ಅವರಿಗೂ ಸಂಕೋಚ.

"ಹನುಮಂತನನ್ನೇ ಬಿಟ್ಟು ಇದನ್ನು ತಂದಿದ್ದೀರಿ ಎಂದರೆ ಬಹಳ ವಿಶೇಷವೇ ಇರಬೇಕು. ಅಕ್ಷರವಿಲ್ಲ, ಲಾಂಛನವಿಲ್ಲ! ಯಾರ ಆಳ್ವಿಕೆಯದು ಮೇಷ್ಟ್ರೇ ಇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಷತಾ ಮುಂದೆ ಬಂದಳು.

"ನಮ್ಮತ್ತೇದು ಸಾರ್. ಇನ್ನೂ ನಡೀತಾ ಇದೆ."